ಇಪ್ಪತ್ಮೂರನೇ ಖಾನೆಯ ಮುನ್ನಂದಾಜು

ಅಂದಾಜಪ್ಪನವರಿಗೆ ಅವರ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿದೆ. ಸೇತುವೆ ಮತ್ತು ಮೋರಿಗಳ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅವರು ಮಾಡುತ್ತ ಬಂದಿರುವುದು ಒಂದೇ ಕೆಲಸ. ಯಾವುದಾದರೂ ಕಾಮಗಾರಿ ಶುರುವಾಗುವ ಮೊದಲು ಅದು ಎಷ್ಟು ಕಷ್ಟ ಎಂದು ಬರೆದುಕೊಡುವುದು. ಇದಕ್ಕೆ ಮುನ್ನಂದಾಜು ಎನ್ನುತ್ತಾರೆ. ಅವರು ಮುನ್ನಂದಾಜು ಬರೆದ ಒಂದು ಸೇತುವೆಯೂ ಇದುವರೆಗೆ ಕುಸಿದಿಲ್ಲ. ಒಂದನ್ನೂ ಕಟ್ಟಿಲ್ಲ ಎನ್ನುವುದು ಬೇರೆ ಮಾತು. ಅವರ ವರದಿ ಓದಿದ ಮೇಲೆ ಕಟ್ಟುವ ಧೈರ್ಯ ಯಾರಿಗೂ ಉಳಿಯುತ್ತಿರಲಿಲ್ಲ.

ಇಂಥವರ ಮನೆಗೆ ಪಿಯಾನೊ ಬಂದದ್ದು ಹೀಗೆ. ಕಚೇರಿಯಲ್ಲಿ ಸಿಬ್ಬಂದಿಯ ವಿರಾಮಕ್ಕೆಂದು ಒಂದು ಕೋಣೆ ಇತ್ತು. ಕಡತಗಳಿಗೆ ಜಾಗ ಸಾಲದೆ ಅದನ್ನು ಖಾಲಿ ಮಾಡಿಸಿದರು. ಅಲ್ಲಿದ್ದ ಪಿಯಾನೊ ಯಾರಿಗೂ ಬೇಡವಾಗಿ ಅಂದಾಜಪ್ಪನವರ ಪಾಲಿಗೆ ಬಂತು. ಅದನ್ನು ಎರಡನೇ ಮಹಡಿಯ ತಮ್ಮ ಮನೆಗೆ ಸಾಗಿಸುವುದು ಎಷ್ಟು ಕಷ್ಟ ಎಂದು ಅವರು ಬರೆಯಲು ಕೂತರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನಾಲ್ಕು ಜನ ಹಮಾಲರು ಅದನ್ನು ಮನೆಯ ಮುಂದಿನ ಹಾಲಿನಲ್ಲಿ ಇಳಿಸಿ, ನೀರು ಕುಡಿದು, ಹೊರಟುಹೋಗಿದ್ದರು. ಅಂದಾಜಪ್ಪನವರು ಎದೆಗುಂದದೆ ಹನ್ನೊಂದು ಪುಟವನ್ನೂ ಬರೆದು ಮುಗಿಸಿದರು.

ಆ ಹಾಲಿಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ. ಅದರ ಒಂದು ಪಕ್ಕ ಅಂದಾಜಪ್ಪನವರ ಬರೆಯುವ ಮೇಜು, ಇನ್ನೊಂದು ಪಕ್ಕ ಅವರ ಹೆಂಡತಿಯ ಹೊಲಿಗೆ ಯಂತ್ರ. ಆ ಬೀದಿಯ ಅರ್ಧ ಜನ ಆಕೆ ಹೊಲಿದ ಬಟ್ಟೆಯನ್ನೇ ತೊಡುತ್ತಿದ್ದರು. ಪಿಯಾನೊ ಬಂದಾಗ ಯಾವುದಾದರೂ ಒಂದು ಜಾಗ ಬಿಡಬೇಕಾಯಿತು. ಮೇಜಿನ ಮೇಲೆ ಕಡತಗಳಿದ್ದವು, ಅದನ್ನು ಅಲುಗಿಸುವ ಹಾಗಿರಲಿಲ್ಲ. ಹೊಲಿಗೆ ಯಂತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಹೋಯಿತು. ಅಲ್ಲಿ ಕಿಟಕಿಯಿಲ್ಲ, ಹಗಲೂ ಒಂದು ಟ್ಯೂಬ್‌ಲೈಟ್ ಉರಿಯಬೇಕು.

"ರೀ, ಇಲ್ಲಿ ಬೆಳಕು ಸಾಲಲ್ಲ. ಸೂಜಿಗೆ ದಾರ ಪೋಣಿಸೋಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತೆ" ಎಂದಳು ಹೆಂಡತಿ.

"ಎಷ್ಟು ಸಾಲಲ್ಲ ಅಂತ ಮೊದಲು ಅಂದಾಜು ಹಾಕ್ಬೇಕು ಕಣೇ. ಸುಮ್ನೆ ಬಾಯಿಗೆ ಬಂದಂಗೆ ಸಾಲಲ್ಲ ಅನ್ನೋಕಾಗಲ್ಲ" ಎಂದರು ಅಂದಾಜಪ್ಪನವರು. ಆ ಅಂದಾಜಿನ ಕಡತ ಎರಡು ವರ್ಷದಿಂದ ಅದೇ ಮೇಜಿನ ಮೇಲೆ, ಕಿಟಕಿಯ ಒಳ್ಳೆಯ ಬೆಳಕಿನಲ್ಲಿ, ಹಾಯಾಗಿ ಮಲಗಿತ್ತು.

ಎದುರು ಬೀದಿಯಲ್ಲಿ ಶಾಲೆಯಿಂದ ನಿವೃತ್ತರಾದ ಪಿಯಾನೊ ಟೀಚರ್ ಒಬ್ಬರಿದ್ದರು. ಅಂದಾಜಪ್ಪನವರು ಶನಿವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ, ಎರಡು ವರ್ಷದಲ್ಲಿ ಕಲಿಕೆಯ ಎರಡು ಪುಸ್ತಕಗಳನ್ನು ಹೇಗೋ ದಾಟಿದರು. ಮನೆಯಲ್ಲಿ ಸಂಜೆ ಹೊತ್ತು ಅವರ ಬೆರಳುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ತಡಕಾಡಿಕೊಂಡು ಹೋಗುತ್ತಿದ್ದವು. ಒಂದು ಶನಿವಾರ ಟೀಚರ್ ಎರಡು ಬಿಡಿ ಹಾಳೆ ಕೊಟ್ಟರು.

"ಇದು ಮಧ್ಯಮ ದರ್ಜೆದು. ಇನ್ನು ಮೂರು ತಿಂಗಳಿಗೆ ನಮ್ಮ ವಾರ್ಷಿಕ ಕಾರ್ಯಕ್ರಮ ಇದೆ, ಅದರಲ್ಲಿ ನೀವು ಇದನ್ನ ನುಡಿಸ್ತೀರಿ. ಕಲಿಯೋಕೆ ಕೂರೋ ಮುಂಚೆ ಒಂದ್ಸಲ ಎರಡೂ ಹಾಳೆ ಮೇಲೆ ಕಣ್ಣಾಡಿಸಿ. ಎಲ್ಲಿ ಸುಲಭ, ಎಲ್ಲಿ ಕಷ್ಟ ಅಂತ ನೋಡ್ಕೊಳ್ಳಿ. ಹತ್ತು ನಿಮಿಷ ಸಾಕು. ಆಮೇಲೆ ಕೈ ಇಡಿ."

ಪಾಪ, ತಾವು ಈ ಮಾತನ್ನು ಯಾರ ಮುಂದೆ ಆಡುತ್ತಿದ್ದೇವೆ ಎನ್ನುವುದು ಟೀಚರಿಗೆ ಗೊತ್ತಿರಲಿಲ್ಲ. ಸಂಗೀತ ಕಲಿಯಲು ಹೋದ ಮನುಷ್ಯನಿಗೆ ಅವರೇ ತಮ್ಮ ಬಾಯಾರೆ ಮುನ್ನಂದಾಜಿನ ಆದೇಶ ಕೊಟ್ಟಿದ್ದರು. ಅಂದಾಜಪ್ಪನವರು ಎರಡು ವರ್ಷದಲ್ಲಿ ಮೊದಲ ಬಾರಿಗೆ ಪಾಠದಿಂದ ನಗುತ್ತ ಮನೆಗೆ ಬಂದರು.

ಆ ದಿನ ಭಾಮೈದ ಬಂದಿದ್ದ. ಹೆಂಡತಿಯ ತಮ್ಮ, ಡ್ರೈವಿಂಗ್ ಸ್ಕೂಲ್ ನಡೆಸುವವನು. ವಿಷಯ ಕೇಳಿ ಅವನು, "ಭಾವ ಸಭೇಲಿ ನುಡಿಸ್ತಾರಾ? ನೋಡಿಯೇ ಬಿಡ್ಬೇಕು" ಎಂದ. ಹೆಂಡತಿ ಓಣಿಯಿಂದ ಎದ್ದು ಬಂದಳು. ಕಣ್ಣು ಕೆಂಪಗಿತ್ತು.

"ಇವನೇ ಸಾಕ್ಷಿ. ಮೂರು ತಿಂಗಳು ನಾನು ತುಟಿ ಎರಡು ಮಾಡಲ್ಲ. ಆ ದಿನ ನೀವು ಅದನ್ನ ಪೂರ್ತಿ ನುಡಿಸಿದ್ರೆ, ಕಿಟಕಿ ಮಾತು ಇನ್ನು ಎತ್ತಲ್ಲ. ನುಡಿಸ್ಲಿಲ್ಲ ಅಂದ್ರೆ, ಕೆಲಸಕ್ಕೆ ಬಾರದ ಸಾಮಾನು ಕಿಟಕಿ ಹತ್ರದಿಂದ ಎದ್ದು ಹೋಗ್ಬೇಕು, ನನ್ನ ಮಿಷನ್ ಅಲ್ಲಿಗೆ ಬರ್ಬೇಕು."

"ಆಗಲಿ. ಆದ್ರೆ ಮೊದಲು ಮುನ್ನಂದಾಜು" ಎಂದರು ಅಂದಾಜಪ್ಪನವರು.

ಮರುದಿನ ಭಾನುವಾರ. ಟೇಪು, ಸ್ಕೇಲು, ಭೂತಗನ್ನಡಿ ಹೊರಬಿದ್ದವು. ಹಾಳೆಯ ಮೇಲೆ ಎರಡು ನಿಂತ ಗೆರೆಗಳ ನಡುವಿನ ಜಾಗವನ್ನು ಟೀಚರ್ ಏನೋ ಒಂದು ಹೆಸರಿನಿಂದ ಕರೆಯುತ್ತಿದ್ದರು; ಅಂದಾಜಪ್ಪನವರು ಅದನ್ನು ಖಾನೆ ಎಂದರು. ಒಟ್ಟು ಖಾನೆ ನಲವತ್ತೆಂಟು. ಒಟ್ಟು ಸ್ವರ ಆರುನೂರ ಹನ್ನೆರಡು. ಅದರಲ್ಲಿ ಬಲಗೈ ವಿಭಾಗಕ್ಕೆ ಮುನ್ನೂರ ಎಪ್ಪತ್ತೊಂದು, ಎಡಗೈ ವಿಭಾಗಕ್ಕೆ ಇನ್ನೂರ ನಲವತ್ತೊಂದು. ಇಲ್ಲೇ ಅನ್ಯಾಯ ಆಗಿದೆ ಎಂದು ಅವರು ಅಂಚಿನಲ್ಲಿ ಟಿಪ್ಪಣಿ ಬರೆದರು. ಕಪ್ಪು ಕೀಗಳ ಮೇಲೆ ಬೆರಳು ಹೋಗಬೇಕಾದ ಸಂದರ್ಭ ತೊಂಬತ್ನಾಲ್ಕು. ಇಪ್ಪತ್ಮೂರನೇ ಖಾನೆಗೆ ಬಂದಾಗ ಅವರ ಪೆನ್ನು ನಿಂತಿತು. ಅಲ್ಲಿ ಎಡಗೈಯ ಕಿರುಬೆರಳು ಒಂದು ಕೀ ಮೇಲೆ, ಹೆಬ್ಬೆರಳು ಅಲ್ಲಿಂದ ಹತ್ತನೆಯದರ ಮೇಲೆ, ಎರಡೂ ಒಟ್ಟಿಗೆ ಕೇಳಿಸಬೇಕು. ಅವರು ತಮ್ಮ ಅಂಗೈ ಬಿಡಿಸಿ ಟೇಪು ಹಿಡಿದರು. ಕೈ ಎರಡು ಸೆಂಟಿಮೀಟರ್ ಕಡಿಮೆ ಬಿತ್ತು.

"ನೋಡಿದ್ಯಾ, ಇದು ಮನುಷ್ಯರ ಕೈಗೆ ಮಾಡಿದ ಹಾಡಲ್ಲ" ಎಂದರು, ಬಹಳ ಸಮಾಧಾನದಿಂದ.

ಇನ್ನು ಪರೀಕ್ಷೆ ಆಗಬೇಕು. ಪ್ರತಿ ಖಾನೆಯನ್ನೂ ಯಾರಾದರೂ ಒತ್ತಿ ನೋಡಬೇಕು, ಎಷ್ಟು ಸಲಕ್ಕೆ ಸರಿಬಂತು ಎಂದು ಬರೆದುಕೊಳ್ಳಬೇಕು. ಆದರೆ ಅಂದಾಜಪ್ಪನವರ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಅಂದಾಜು ಹಾಕುವವನು ಕಾಮಗಾರಿಗೆ ಕೈ ಹಾಕಬಾರದು. ಹಾಕಿದರೆ ಅಂದಾಜು ಕೆಡುತ್ತದೆ. ಇಪ್ಪತ್ತೇಳು ವರ್ಷ ಮುರಿಯದ ನಿಯಮವನ್ನು ಮನೆಯಲ್ಲಿ ಮುರಿಯುವುದೇ? ಅವರು ಓಣಿಯ ಕಡೆ ತಿರುಗಿ, "ಇವಳೇ, ಒಂದ್ನಿಮಿಷ ಬಾ. ನಿನ್ನ ಕೈ ಬೇಕು" ಎಂದರು.

ಹೀಗೆ ಹೆಂಡತಿ ಪರೀಕ್ಷಾ ಕೈ ಆದಳು. ಸಂಜೆ ಬಟ್ಟೆ ಕತ್ತರಿಸುವುದನ್ನು ಬಿಟ್ಟು ಬಂದು ಸ್ಟೂಲಿನ ಮೇಲೆ ಕೂರುವುದು, ಅಂದಾಜಪ್ಪನವರು ಪಕ್ಕದಲ್ಲಿ ನಿಂತು, "ಏಳನೇ ಖಾನೆ, ಬಲಗೈ, ಶುರು" ಎನ್ನುವುದು, ಆಕೆ ಒತ್ತುವುದು, ಅವರು ಬರೆದುಕೊಳ್ಳುವುದು. ಹಾಳೆ ಓದಲು ಬರಬೇಕಲ್ಲ ಎಂದು ಅವರೇ ಸ್ವರದ ಗುರುತುಗಳನ್ನು ಹೇಳಿಕೊಡಲು ಕೂತರು. ಆಕೆ ಒಂದೇ ಸಲಕ್ಕೆ ತಲೆಯಾಡಿಸಿದಳು. ತಾವು ಎಷ್ಟು ಚೆನ್ನಾಗಿ ಪಾಠ ಹೇಳುತ್ತೇವೆ ಎಂದು ಅಂದಾಜಪ್ಪನವರಿಗೇ ಆಶ್ಚರ್ಯವಾಯಿತು. ಇದೇ ಗುರುತುಗಳ ಎರಡು ಪುಸ್ತಕಗಳನ್ನು ಎರಡು ವರ್ಷದಿಂದ ಆಕೆ ದಿನಾ ಧೂಳು ಒರೆಸಿ ಇಡುತ್ತಿದ್ದಳು ಎನ್ನುವುದು, ಒರೆಸುವಾಗ ತೆರೆದೂ ನೋಡಿರಬಹುದು ಎನ್ನುವುದು ಅವರ ಅಂದಾಜಿನಲ್ಲಿ ಬರಲಿಲ್ಲ.

ಒಂದು ತಿಂಗಳಲ್ಲಿ ಮೊದಲ ಹಾಳೆಯ ಪರೀಕ್ಷೆ ಮುಗಿಯಿತು. ಅಂದಾಜಪ್ಪನವರು ಇನ್ನೂ ಒಂದು ಸ್ವರವನ್ನೂ ಮುಟ್ಟಿರಲಿಲ್ಲ.

ಭಾಮೈದ ಬಂದು ಕಡತ ನೋಡಿ ತಲೆ ಕೆರೆದುಕೊಂಡ. "ಭಾವ, ನನ್ನ ಹತ್ರ ಕಲಿಯೋಕೆ ಬರೋರು ಮೊದಲ ದಿನಾನೇ ಕಾಂಪೌಂಡಿಗೆ ಗುದ್ದುತಾರೆ. ಆಮೇಲೆ ಕಲೀತಾರೆ. ಗುದ್ದೋ ಮುಂಚೆ ಗೋಡೆ ಅಳೆಯೋರನ್ನ ನಾನು ನೋಡಿಲ್ಲ."

"ಅದಕ್ಕೇ ನಿನ್ನ ಕಾರಿಗೆ ಒಂದು ದೀಪಾನೂ ಉಳಿದಿಲ್ಲ" ಎಂದರು ಅಂದಾಜಪ್ಪನವರು.

ಎರಡನೇ ತಿಂಗಳಲ್ಲಿ ಕೆಳಗಿನ ಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಒಂದು ದೂರು ಬರೆದು ಕಟ್ಟಡದ ಸಂಘದ ಕಾರ್ಯದರ್ಶಿಗೆ ಕೊಟ್ಟರು. ಈ ಕಾರ್ಯದರ್ಶಿ ದೂರು ಬಂದರೆ ಸಾಕು, ಮೆಟ್ಟಿಲಿನ ಕೆಳಗೆ ಕುರ್ಚಿ ಹಾಕಿಸಿ ವಿಚಾರಣೆಗೆ ಕೂರುವ ಮನುಷ್ಯ.

"ಸದ್ದಿನ ತೊಂದರೇನಾ?" ಎಂದು ಅವರು ಪೋಸ್ಟ್ ಮಾಸ್ಟರನ್ನು ಕೇಳಿದರು.

"ಸದ್ದಿನದಲ್ಲ ಸ್ವಾಮಿ, ಸದ್ದು ನಿಲ್ಲೋದರ ತೊಂದರೆ. ಮಧ್ಯಾಹ್ನ ಎರಡು ಗಂಟೆಗೆ ನಾನು ಮಲಗ್ತೀನಿ. ಮೇಲೆ ಪಿಯಾನೊ ಶುರುವಾಗುತ್ತೆ. ಚೆನ್ನಾಗೇ ಇರುತ್ತೆ. ಏರ್ತಾ ಏರ್ತಾ ಹೋಗಿ ಒಂದು ಕಡೆ ತಟ್ಟಂತ ನಿಂತುಬಿಡುತ್ತೆ. ಮುಂದಕ್ಕೆ ಹೋಗೋದೇ ಇಲ್ಲ. ಮತ್ತೆ ಮೊದಲಿಂದ. ಮತ್ತೆ ಅಲ್ಲೇ. ಮುಂದೇನು ಅಂತ ನಾನು ಕಣ್ಣು ಬಿಟ್ಕೊಂಡು ಕಾಯ್ತಾ ಇರ್ತೀನಿ. ಮೂರು ವಾರದಿಂದ ನಿದ್ದೆ ಇಲ್ಲ. ದಯವಿಟ್ಟು ಅದನ್ನ ಮುಗಿಸೋಕೆ ಹೇಳಿ."

ಅಂದಾಜಪ್ಪನವರು ಎದ್ದು ನಿಂತರು. "ಮಧ್ಯಾಹ್ನ ಎರಡಕ್ಕೆ ನಾನು ಕಚೇರೀಲಿರ್ತೀನಿ. ಇಲ್ಲಿದೆ ನೋಡಿ, ಹಾಜರಿ ಪುಸ್ತಕದ ನಕಲು, ಮೇಲಧಿಕಾರಿಗಳ ಮೊಹರು ಇದೆ. ಪಿಯಾನೊ ನುಡಿಸೋನು ನಾನೊಬ್ಬನೇ. ನಾನು ಮನೇಲಿಲ್ಲ. ಅಂದ್ಮೇಲೆ ಸದ್ದು ಹೇಗೆ ಬರುತ್ತೆ?"

"ಸಂಜೆ ನೀವು ನುಡಿಸ್ತಿದ್ದಿದ್ದು ನಂಗೊತ್ತು. ಅದು ಬೇರೆ ಥರ. ಇದು ಹಾಗಲ್ಲ, ಕೇಳೋ ಹಾಗಿದೆ" ಎಂದರು ಪೋಸ್ಟ್ ಮಾಸ್ಟರು. ಮೂವತ್ತು ವರ್ಷ ಮುದ್ರೆ ಒತ್ತಿದ ಕೈ. ಮಾತೂ ಹಾಗೇ ಬೀಳುತ್ತಿತ್ತು.

ಕಾರ್ಯದರ್ಶಿ ನಕಲನ್ನು ಬೆಳಕಿಗೆ ಹಿಡಿದು ಮೊಹರನ್ನು ಪರೀಕ್ಷಿಸಿದರು. ಕಿವಿಯನ್ನು ನಂಬುವುದೋ ಮೊಹರನ್ನು ನಂಬುವುದೋ ಎಂಬ ಪ್ರಶ್ನೆ ಬಂದಾಗ ಅಧಿಕಾರದಲ್ಲಿರುವವರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಕಟ್ಟಡದಲ್ಲಿ ಯಾವುದೇ ಸದ್ದು ಇರುವುದಿಲ್ಲ ಎಂದು ತೀರ್ಪು ಬರೆದು ಸೂಚನಾ ಫಲಕಕ್ಕೆ ಅಂಟಿಸಿದರು. ಅದನ್ನು ಅಂಟಿಸುತ್ತಿದ್ದಾಗ ಮೇಲಿನಿಂದ ಪಿಯಾನೊ ಕೇಳಿಸುತ್ತಿತ್ತು ಎಂದು ಪೋಸ್ಟ್ ಮಾಸ್ಟರು ಆಮೇಲೂ ಹೇಳುತ್ತಿದ್ದರು. ಆದರೆ ತೀರ್ಪಾಗಿ ಹೋಗಿತ್ತು.

ಆ ಸಂಗೀತ ಮುಂದಕ್ಕೆ ಹೋಗದಿರಲು ಕಾರಣವಿತ್ತು. ಎರಡನೇ ಹಾಳೆ ಮನೆಯಲ್ಲಿರಲಿಲ್ಲ. ಅದನ್ನು ಅಂದಾಜಪ್ಪನವರು ಅನುಬಂಧ ನಾಲ್ಕು ಎಂದು ವರದಿಗೆ ಪೋಣಿಸಿ, ಲೇಸು ಕಟ್ಟಿ, ವರದಿಯ ಚೊಕ್ಕ ಪ್ರತಿ ಬರೆಯಲೆಂದು ಕಚೇರಿಗೆ ಒಯ್ದಿದ್ದರು. ಅಲ್ಲಿ ಅದು ಬೇರೆ ಕಡತಗಳ ಜೊತೆ ಸೇರಿ ಮೇಲಧಿಕಾರಿಯ ಮೇಜಿಗೆ ಹೋಯಿತು. ಮೇಲಧಿಕಾರಿ ಕಡತಗಳನ್ನು ತೂಕ ನೋಡಿ ಸಹಿ ಹಾಕುವವರು. ಇದಕ್ಕೆ ಒಳ್ಳೆಯ ತೂಕವಿತ್ತು. ಎಡ ವಿಭಾಗ, ಬಲ ವಿಭಾಗ, ನಲವತ್ತೆಂಟು ಖಾನೆ, ಇಪ್ಪತ್ಮೂರರಲ್ಲಿ ಎರಡು ಸೆಂಟಿಮೀಟರ್ ಕೊರತೆ ಎಂಬುದನ್ನು ಓದಿ ಅವರು ಅಂದಾಜಪ್ಪನವರನ್ನು ಕರೆಸಿದರು.

"ಇಪ್ಪತ್ಮೂರನೇ ಖಾನೇಲಿ ಬಿರುಕು ಬಿಡೋ ಸಾಧ್ಯತೆ ಇದೆಯೇನ್ರೀ?"

"ಖಂಡಿತ ಇದೆ ಸಾರ್" ಎಂದರು ಅಂದಾಜಪ್ಪನವರು. ಸುಳ್ಳು ಹೇಳಿದ ಹಾಗಾಗಲಿಲ್ಲ.

ಮೇಲಧಿಕಾರಿ ಬರೆದರು: "ಮೊದಲ ಅರ್ಧವನ್ನು ಈ ವರ್ಷ ಪರಿಶೀಲಿಸುವುದು. ಎರಡನೇ ಅರ್ಧವನ್ನು ಮುಂದಿನ ವರ್ಷಕ್ಕೆ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಸಾರ್ವಜನಿಕರನ್ನು ಅದರ ಮೇಲೆ ಬಿಡತಕ್ಕದ್ದಲ್ಲ." ಸಹಿ, ಮೊಹರು.

ಅಂದಾಜಪ್ಪನವರು ಕಡತವನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದು ಮೇಜಿನ ಮೇಲಿಟ್ಟರು. ಎರಡು ದಿನದ ಮೇಲೆ ಮೆಟ್ಟಿಲಲ್ಲಿ ಸಿಕ್ಕ ಪೋಸ್ಟ್ ಮಾಸ್ಟರು ಅವರ ಕೈ ಹಿಡಿದುಕೊಂಡು, "ನಿನ್ನೆ ಮುಂದಕ್ಕೆ ಹೋಯ್ತು ಸ್ವಾಮಿ. ನೀವು ಒಪ್ಪದಿದ್ರೆ ಬೇಡ. ನಾನಂತೂ ನಿದ್ದೆ ಮಾಡ್ದೆ" ಎಂದರು. ವಯಸ್ಸಾದವರು, ಪಾಪ, ಎಂದು ಅಂದಾಜಪ್ಪನವರು ಮರುಗಿದರು. ಕಡತದ ಲೇಸಿನ ಗಂಟು ತಾವು ಹಾಕಿದ ಹಾಗೆ ಇಲ್ಲದಿರುವುದನ್ನು ನೋಡಿ ಅದನ್ನು ಬಿಚ್ಚಿ, ಕಚೇರಿಯ ಪದ್ಧತಿಯಂತೆ ಮೂರು ಗಂಟು ಹಾಕಿದರು. ಮರುದಿನ ಮತ್ತೆ ಎರಡೇ ಗಂಟು ಇತ್ತು. ಹಾಗೆ ಅದು ದಿನಾ ನಡೆಯಿತು.

ಶನಿವಾರ ವರದಿಯನ್ನೂ ಆದೇಶವನ್ನೂ ಟೀಚರಿಗೆ ತೋರಿಸಿದರು. ಟೀಚರ್ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಇದನ್ನ ಓದೋಕೆ ನನಗೆ ನಲವತ್ತು ನಿಮಿಷ ಹಿಡೀತು. ಆ ಹಾಡು ನುಡಿಸೋಕೆ ಎರಡೂವರೆ ನಿಮಿಷ ಸಾಕು" ಎಂದರು. "ಕಾರ್ಯಕ್ರಮದ ಕಾರ್ಡಿನಲ್ಲಿ ನಿಮ್ಮ ಹೆಸರು ಅಚ್ಚಾಗಿದೆ. ಸರ್ಕಾರ ಬಂದು ತಡೆದ್ರೂ ನೀವು ವೇದಿಕೆ ಹತ್ತಲೇಬೇಕು."

ಕಾರ್ಯಕ್ರಮದ ದಿನ ಗ್ರಂಥಾಲಯದ ಮೇಲಿನ ಸಭಾಂಗಣ ತುಂಬಿತ್ತು. ಪೋಸ್ಟ್ ಮಾಸ್ಟರು ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿದ್ದರು. ಕಾರ್ಯದರ್ಶಿಯೂ ಬಂದಿದ್ದರು. ಭಾಮೈದ ಮಾತ್ರ ಹೊರಗೆ ಟೆಂಪೊ ನಿಲ್ಲಿಸಿ, ಕಾರು ಕಲಿಯಲು ಬಂದ ನಾಲ್ಕು ಜನ ಗಟ್ಟಿಮುಟ್ಟಾದವರನ್ನೂ ಒಂದು ಹಗ್ಗವನ್ನೂ ಜೊತೆಗಿಟ್ಟುಕೊಂಡು ಬಂದಿದ್ದ. ಪಿಯಾನೊ ಇಂದೇ ಹೊರಡುವುದು ಅವನ ಮಟ್ಟಿಗೆ ನಿಶ್ಚಯವಾಗಿತ್ತು. ನಿಜ ಹೇಳಬೇಕೆಂದರೆ ಅಂದಾಜಪ್ಪನವರ ಮಟ್ಟಿಗೂ ನಿಶ್ಚಯವಾಗಿತ್ತು. ಹಿಂದಿನ ದಿನ ಅವರು ಪಿಯಾನೊವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು. ಒಂದು ಬೆರಳಾದರೂ ಇಟ್ಟು ನೋಡೋಣವೇ ಎಂದುಕೊಂಡು ಕೈ ಚಾಚಿ, ನಿಯಮ ನೆನಪಾಗಿ ಹಿಂದಕ್ಕೆ ತೆಗೆದಿದ್ದರು. ನಿಯಮ ನೆನಪಾಯಿತು ಎನ್ನುವುದು ಅವರ ಮಾತು. ಹೆದರಿಕೆಯಾಯಿತು ಎನ್ನುವುದು ಸತ್ಯ.

ಹೆಸರು ಕರೆದರು. ಅಂದಾಜಪ್ಪನವರು ಕಡತ ಹಿಡಿದು ವೇದಿಕೆ ಹತ್ತಿದರು. ಪಿಯಾನೊದ ಮುಂದೆ ಕೂರಲಿಲ್ಲ. ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಸಭಿಕರೇ, ಈ ಕೃತಿಯನ್ನು ಈ ವರ್ಷ ನುಡಿಸಲು ಸಾಧ್ಯವಿಲ್ಲ ಎಂಬುದನ್ನು ಸವಿವರವಾಗಿ ನಿಮ್ಮ ಮುಂದಿಡುತ್ತೇನೆ" ಎಂದು ಶುರುಮಾಡಿದರು. ಒಟ್ಟು ಸ್ವರಗಳ ಸಂಖ್ಯೆ ಓದಿದರು. ಎಡಗೈಗೆ ಆದ ಅನ್ಯಾಯ ಓದಿದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ ಮುಗಿಸಿಬಿಡೋಣ ಎಂದು ನೋಡಿದರು, ಆಗಲಿಲ್ಲ. ಇಪ್ಪತ್ಮೂರನೇ ಖಾನೆಗೆ ಬಂದಾಗ ಅಂದಾಜಪ್ಪನವರಿಗೆ ಹುರುಪು ಬಂತು.

"ಬಾಯಿಮಾತು ಬೇಡ, ಪರೀಕ್ಷಾ ಕೈ ಇಲ್ಲೇ ಇದೆ. ಇವಳೇ, ಮೇಲೆ ಬಾ. ಇಪ್ಪತ್ಮೂರನೇ ಖಾನೆ ಒತ್ತಿ ತೋರ್ಸು. ಆಗಲ್ಲ ಅನ್ನೋದು ಎಲ್ರಿಗೂ ಗೊತ್ತಾಗಲಿ."

ಹೆಂಡತಿ ಬಂದು ಸ್ಟೂಲಿನ ಮೇಲೆ ಕೂತಳು. ಸೀರೆಯ ಮೇಲಿದ್ದ ಒಂದು ದಾರದ ಎಳೆ ತೆಗೆದು ಪಕ್ಕಕ್ಕೆ ಹಾಕಿದಳು.

"ಮಧ್ಯದಿಂದ ಕೈಗೆ ಬರಲ್ಲ ರೀ. ಮೊದಲಿಂದ ಬರ್ತೀನಿ" ಎಂದಳು.

ಶುರುಮಾಡಿದಳು. ಮೊದಲ ನಾಲ್ಕು ಖಾನೆ ಮುಗಿಯುವಷ್ಟರಲ್ಲಿ ಪೋಸ್ಟ್ ಮಾಸ್ಟರು ಪಕ್ಕದ ಕಾರ್ಯದರ್ಶಿಯ ಮೊಣಕೈ ತಿವಿದು, "ಇದೇ, ನೀವು ಇಲ್ಲ ಅಂದಿದ್ದು ಇದೇ" ಎಂದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅಂದಾಜಪ್ಪನವರು ಬಾಯಲ್ಲೇ ಎಣಿಸುತ್ತಿದ್ದರು. ಇಪ್ಪತ್ಮೂರು. ಆಕೆಯ ಕೈ ಅವರ ಕೈಗಿಂತಲೂ ಚಿಕ್ಕದು. ಆಕೆ ಅದನ್ನು ಚಾಚುವ ಗೋಜಿಗೇ ಹೋಗಲಿಲ್ಲ. ಕೆಳಗಿನ ಸ್ವರ ಒತ್ತಿದಳು, ಕಾಲಿನಿಂದ ಪೆಡಲನ್ನು ಮೆಲ್ಲಗೆ ತುಳಿದು ಅದರ ನಾದವನ್ನು ಹಿಡಿದಿಟ್ಟಳು, ಕೈ ಎತ್ತಿ ಮೇಲಿನದನ್ನು ಒತ್ತಿದಳು. ಎರಡೂ ಒಟ್ಟಿಗೆ ಕೇಳಿಸಿದವು. ಇಪ್ಪತ್ತೈದು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂದಾಜಪ್ಪನವರು ಗಾಬರಿಯಿಂದ ವರದಿ ತಿರುವಿದರು. ಅದರಲ್ಲಿ ಕಾಲಿನ ವಿಭಾಗವೇ ಇರಲಿಲ್ಲ.

"ರೀ, ಎರಡನೇ ಹಾಳೆ" ಎಂದಳು ಆಕೆ, ಕೈ ನಿಲ್ಲಿಸದೆ.

ಎರಡನೇ ಹಾಳೆ ಅನುಬಂಧ ನಾಲ್ಕರಲ್ಲಿ, ಮೂರು ಗಂಟಿನ ಹಿಂದೆ ಇತ್ತು. ಒಂದು ಗಂಟು ಬಿಚ್ಚುವಷ್ಟರಲ್ಲಿ ಅರ್ಧ ಖಾನೆಯ ಹೊತ್ತು ಮಾತ್ರ ಉಳಿದಿತ್ತು. ಪೋಸ್ಟ್ ಮಾಸ್ಟರು ಅರ್ಧ ಎದ್ದು ನಿಂತಿದ್ದರು. ಮತ್ತೆ ಅಲ್ಲೇ ನಿಂತುಬಿಟ್ಟರೆ ಎಂಬ ಭಯ ಅವರ ಮುಖದಲ್ಲಿತ್ತು. ಇಪ್ಪತ್ತೇಳು ವರ್ಷದಲ್ಲಿ ಒಂದು ಕಡತವನ್ನೂ ಕೆಡಿಸದ ಅಂದಾಜಪ್ಪನವರು ಹಾಳೆಯನ್ನು ಪರ್ರನೆ ಹರಿದು ತೆಗೆದು ಆಕೆಯ ಮುಂದಿಟ್ಟರು. ಆ ಹಾಡಿಗೆ ಅವರು ಮಾಡಿದ ಕೆಲಸ ಅದೊಂದೇ. ಅದನ್ನು ಸರಿಯಾದ ಹೊತ್ತಿಗೆ ಮಾಡಿದರು ಎನ್ನಬೇಕು.

ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೀಚರ್ ವೇದಿಕೆಗೆ ಬಂದು ಹೆಂಡತಿಯ ಕೈ ಹಿಡಿದುಕೊಂಡು, "ಇಷ್ಟು ದಿನ ಎಲ್ಲಿದ್ರಿ ನೀವು?" ಎಂದು ಕೇಳಿದರು.

"ಓಣೀಲಿ" ಎಂದಳು ಆಕೆ.

ಟೆಂಪೊ ಮನೆಯ ಮುಂದೆ ಬಂದು ನಿಂತಿತು. ನಾಲ್ಕು ಜನ ಹಗ್ಗ ಹಿಡಿದು ಹಾಲಿಗೆ ಬಂದರು. ಭಾಮೈದನಿಗೆ ಪೇಚಾಟಕ್ಕಿಟ್ಟುಕೊಂಡಿತ್ತು. "ಅಕ್ಕ, ಷರತ್ತಿನ ಪ್ರಕಾರ ಭಾವ ನುಡಿಸ್ಲಿಲ್ಲ. ಆದ್ರೆ ನೀನು ನುಡಿಸ್ಬಿಟ್ಟೆ. ಈಗ ಪಿಯಾನೊ ಎತ್ತೋದಾ, ಬಿಡೋದಾ?"

"ಷರತ್ತಲ್ಲಿ ಪಿಯಾನೊ ಅಂತ ಎಲ್ಲಿ ಹೇಳಿದ್ದೆ? ಕಿಟಕಿ ಹತ್ರ ಕೆಲಸಕ್ಕೆ ಬಾರದ ಸಾಮಾನು ಇರಬಾರದು ಅಂದಿದ್ದೆ" ಎಂದಳು ಹೆಂಡತಿ. ಹಾಲಿನಲ್ಲಿದ್ದ ಎಲ್ಲರ ಕಣ್ಣೂ ಒಂದೇ ಕಡೆ ಹೋದವು. ನಾಲ್ಕು ಜನ ಮೇಜನ್ನು ನಾಲ್ಕು ಕಾಲಿಗೆ ಹಿಡಿದು, ಕಡತಗಳ ಸಮೇತ ಎತ್ತಿದರು.

ಹತ್ತು ನಿಮಿಷದಲ್ಲಿ ಹೊಲಿಗೆ ಯಂತ್ರ ಕಿಟಕಿಯ ಬೆಳಕಿನಲ್ಲಿತ್ತು, ಪಕ್ಕದಲ್ಲೇ ಪಿಯಾನೊ. ಮೇಜು ಅಡುಗೆಮನೆಗೂ ಬಚ್ಚಲಿಗೂ ನಡುವೆ ಸರಿಯಾಗಿ ಕೂತಿತು. ಅಂದಾಜಪ್ಪನವರು ಅಲ್ಲಿ ಕುರ್ಚಿ ಎಳೆದುಕೊಂಡು, ಹರಿದ ಕಡತ ಬಿಡಿಸಿ, ಕಾಲಿನ ವಿಭಾಗ ಎಂದು ಹೊಸ ತಲೆಬರಹ ಬರೆಯಲು ಬಗ್ಗಿದರು. ಅಕ್ಷರ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡರು. ಆಗಲೂ ಕಾಣಲಿಲ್ಲ. ಕಣ್ಣಲ್ಲಿ ನೀರು ಬಂತು.

"ಇವಳೇ, ಇಲ್ಲಿ ಬೆಳಕು ಸಾಲಲ್ಲ ಕಣೇ" ಎಂದರು.

ಹಾಲಿನಲ್ಲಿ ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಹೋಯಿತು.

"ಎಷ್ಟು ಸಾಲಲ್ಲ ಅಂತ ಅಂದಾಜು ಹಾಕಿ ಕೊಡಿ ರೀ," ಎಂದಳು. "ನೋಡೋಣ."